ಬೆಳಿಯೋ ಹುಡುಗಿ, ದೊಡ್ಡದೇ ತಗೊಳ್ರಿ

“ಅಪ್ಪಾ, ಮಣಕಾಲು ಹ್ಯಾಂಡಲ್‌ಗೆ ಬಡ್ಯಾಕತ್ತಾವ.”

ಮಗಳು ಹೆಲ್ಮೆಟ್ ತೆಗೆದು, ಅರ್ಧ ಬಾಟಲಿ ನೀರು ಕುಡಿದು, ಇಷ್ಟು ಹೇಳಿದಳು. ಮತ್ತೆ ಹೆಲ್ಮೆಟ್ ಹಾಕಿಕೊಂಡು ಕಿಕ್ ಹೊಡೆದು ಹೋಗಿಬಿಟ್ಟಳು. ಫೆಬ್ರವರಿಯ ಒಂದು ರವಿವಾರ. ಪುಣೆಯಿಂದ ಒಂದೂಕಾಲು ತಾಸಿನ ದಾರಿಯ ಗರಸು ಮಣ್ಣಿನ ಮೈದಾನ. ನಾನು ಮಡಚುವ ಕುರ್ಚಿಯಲ್ಲಿ ಕೂತು ಥರ್ಮಾಸಿನ ಚಹಾ ಕುಡಿಯುತ್ತಿದ್ದೆ. ಆ ಮಾತು ಕೇಳಿದ ಮೇಲೆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಇದರ ಮುಂದಿನ ಮಾತು ಯಾವುದೆಂದು ನನಗೆ ಗೊತ್ತಿತ್ತು. ಆಕೆ ಓಡಿಸುವುದು 65 ಸಿಸಿಯ ಡರ್ಟ್ ಬೈಕ್. ಅದರ ಮುಂದಿನ ಮೆಟ್ಟಿಲು 85. ಆ 85 ನಮ್ಮಲ್ಲೇ ಇದೆ. ಪಾರ್ಕಿಂಗಿನ ಮೂಲೆಯಲ್ಲಿ ನೀಲಿ ತಾಡಪತ್ರಿ ಹೊದ್ದುಕೊಂಡು ಆರು ವರ್ಷದಿಂದ ನಿಂತಿದೆ. ಮಗನಿಗೆಂದು ತಂದದ್ದು. ಅವನು ಅದನ್ನು ಓಡಿಸಿದ್ದು ಮೂರೇ ರವಿವಾರ.

ನಾನು ಧಾರವಾಡದಲ್ಲಿ ಬೆಳೆದವನು. ಶಾಲೆ ಶುರುವಾಗುವ ಮೊದಲು ಅಪ್ಪ ಸುಭಾಸ ರಸ್ತೆಗೆ ಕರೆದೊಯ್ದು ಅಂಗಿ ಚಡ್ಡಿ ಕೊಡಿಸುತ್ತಿದ್ದರು. ಅಂಗಡಿಯವರದು ಪ್ರತಿವರ್ಷ ಒಂದೇ ಮಾತು: “ಬೆಳಿಯೋ ಹುಡುಗ, ದೊಡ್ಡದೇ ತಗೊಳ್ರಿ.” ಬೂಟಿನ ತುದಿಗೆ ಹತ್ತಿ ತುರುಕಿ ಹಾಕಿಕೊಂಡೆವು. ಸೈಕಲ್ಲಂತೂ ಅಪ್ಪನದೇ, ಸೀಟಿಗೆ ಎಟುಕುವುದಿಲ್ಲವೆಂದು ಬಾರಿನ ಕೆಳಗೆ ಕಾಲು ತೂರಿಸಿ ಒಳಪೆಡಲು ಹೊಡೆದೇ ಕಲಿತೆವು. ಇದನ್ನು ಓದುತ್ತಿರುವ ನಿಮ್ಮಲ್ಲಿ ಬಹಳ ಮಂದಿಯ ಮೊಣಕಾಲಿನಲ್ಲೂ ಆ ಕಲಿಕೆಯ ಗುರುತು ಇದ್ದೀತು. ಒಂದು ಅಳತೆ ದೊಡ್ಡದರೊಳಗೇ ಬೆಳೆದವರು ನಾವು, ಏನೂ ಆಗಲಿಲ್ಲ. ಆದರೆ ಆ ಸೈಕಲ್ಲಿಗೆ ಇಂಜಿನ್ ಇರಲಿಲ್ಲ ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ನಮ್ಮ ಕಾಲಿಗೆ ಎಷ್ಟು ಬಲವಿತ್ತೋ ಅಷ್ಟೇ ಅದರ ವೇಗ.

2019ರಲ್ಲಿ ಮಗನಿಗೆ ಹತ್ತು ವರ್ಷ. ಕೊಲ್ಹಾಪುರದಲ್ಲಿ ಒಬ್ಬರು 85 ಸಿಸಿ ಗಾಡಿ ಮಾರುತ್ತಿದ್ದಾರೆ, ಹೊಸದರ ಅರ್ಧಕ್ಕಿಂತ ಕಡಿಮೆ ಬೆಲೆ ಎಂದು ಸುದ್ದಿ ಬಂತು. ನಮ್ಮ ದೇಶದಲ್ಲಿ ಇಂಥ ಗಾಡಿಗಳು ಕೈಗೆ ಸಿಗುವುದೇ ಅಪರೂಪ. ನಾಳೆ ಹೇಗೂ ಬೇಕಾಗುತ್ತದೆ, ಇವತ್ತೇ ಯಾಕಾಗಬಾರದು? ಪಕ್ಕದ ಟೆಂಟಿನ ಹುಡುಗ ಆಗಲೇ 85ಕ್ಕೆ ಏರಿದ್ದ, ಅದೂ ಒಂದು ಕಾರಣ. ಒಪ್ಪಿಕೊಳ್ಳಲು ನಾಚಿಕೆಯಾದರೂ ಅದೇ ದೊಡ್ಡ ಕಾರಣವಾಗಿತ್ತು.

ಮೊದಲ ದಿನ ಸೀಟಿನ ಮೇಲೆ ಕೂತು ಮಗ ಹೇಳಿದ್ದ: “ಅಪ್ಪಾ, ನನ್ನ ಕಾಲು ನೆಲಕ್ಕ ಹತ್ತವಲ್ವು.”

ನಾನು ಅಂದಿದ್ದೆ: “ಎರಡು ತಿಂಗಳು ತಡಿ, ತಾವ ಹತ್ತತಾವ. ಬೆಳಿಯೋ ಹುಡುಗ ನೀ.”

ಅಂಗಡಿಯವರ ಮಾತು ನನ್ನ ಬಾಯಿಂದ ಬಂದಿತ್ತು.

ಮೂರನೆಯ ರವಿವಾರ ಒಂದು ತಿರುವಿನಿಂದ ಹೊರಬರುವಾಗ ಗಾಡಿ ಒಮ್ಮೆಗೇ ಮುಂದೆ ಜಿಗಿಯಿತು. ಎರಡು ಸ್ಟ್ರೋಕಿನ ಸಣ್ಣ ರೇಸ್ ಗಾಡಿಗಳ ಸ್ವಭಾವವೇ ಅದು. ಇಂಜಿನ್ ನಿಧಾನ ತಿರುಗುವಾಗ ಕುರಿಮರಿ. ತಿರುಗುವ ವೇಗ ಒಂದು ಹಂತ ದಾಟಿತೋ, ಬಲವೆಲ್ಲ ಒಟ್ಟಿಗೇ ಬಂದುಬಿಡುತ್ತದೆ. ಸಿದ್ಧನಿರದ ಸವಾರನ ಮೈ ಹಿಂದಕ್ಕೆ ವಾಲುತ್ತದೆ. ಹ್ಯಾಂಡಲ್ ಬಿಟ್ಟರೆ ಬೀಳುತ್ತೇನೆಂದು ಬಿಗಿಯಾಗಿ ಹಿಡಿಯುತ್ತಾನೆ. ಹಿಂದೆ ವಾಲಿದ ಮೈಯ ಭಾರಕ್ಕೆ ಮಣಿಕಟ್ಟು ಕೆಳಗೆ ತಿರುಗಿ ರೇಸ್ ಇನ್ನಷ್ಟು ತೆರೆದುಕೊಳ್ಳುತ್ತದೆ. ಅಂಜಿದಷ್ಟೂ ಗಾಡಿ ಓಡುತ್ತದೆ. ಮಗ ಅಂಚಿನ ಟೈರುಗಳ ಗೋಡೆಗೆ ಹೋಗಿ ಹೊಡೆದ. ಕಾಲರ್ ಬೋನ್ ಮುರಿಯಿತು, ಎಡ ಮಣಿಕಟ್ಟೂ ಬಿರುಕು ಬಿಟ್ಟಿತು. ಮಕ್ಕಳ ಎಲುಬಿನ ತುದಿಯಲ್ಲಿ ಇನ್ನೂ ಬೆಳೆಯುವ ಮೃದುಭಾಗ ಇರುತ್ತದೆ, ಪೆಟ್ಟು ಅಲ್ಲಿ ಬಿದ್ದರೆ ಎಲುಬಿನ ಬೆಳವಣಿಗೆಯೇ ಕೆಡಬಹುದು ಎಂದು ಡಾಕ್ಟರು ಹೇಳಿದಾಗ ಕೂತ ಕುರ್ಚಿ ಕುಸಿದ ಹಾಗಾಯಿತು. ಅವನದು ಆ ಜಾಗದಿಂದ ತುಸು ದೂರವಿತ್ತು. ಆರು ವಾರದಲ್ಲಿ ಕೈ ಸರಿಹೋಯಿತು. ಗಾಡಿ ಹತ್ತು ಎಂದು ನಾನು ಹೇಳಲಿಲ್ಲ, ಹತ್ತುತ್ತೇನೆಂದು ಅವನೂ ಹೇಳಲಿಲ್ಲ. ಈಗ ಅವನಿಗೆ ಹದಿನಾರು.

ಇಷ್ಟಾದರೂ ಮಗಳಿಗೆ ಯಾಕೆ ಕೊಟ್ಟಿರಿ ಎಂದು ನೀವು ಕೇಳಬಹುದು. ಊರಿನಿಂದ ಬಂದಾಗಲೆಲ್ಲ ನಮ್ಮವ್ವನೂ ಅದನ್ನೇ ಕೇಳುತ್ತಾಳೆ. ನಾವು ಕೊಡಲಿಲ್ಲ, ಆಕೆ ತೆಗೆದುಕೊಂಡಳು. ಅಣ್ಣನ ಹಳೆಯ 65ನ್ನು ಮಾರಲು ಹೊರಟಾಗ ಅದರ ಮೇಲೆ ಹತ್ತಿ ಕೂತು ಇಳಿಯಲಿಲ್ಲ. ಆಕೆಯ ಕೋಣೆಯ ಗೋಡೆಯ ಮೇಲೆ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಇದ್ದಾರೆ, 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದವರು. ಪುಣೆಯಲ್ಲೇ ಹುಟ್ಟಿ, ಮರಾಠಿಯಲ್ಲೇ ಜಗಳವಾಡುವ ಹುಡುಗಿ, ಆ ಚಿತ್ರ ತೋರಿಸುವಾಗ ಮಾತ್ರ “ನಮ್ಮ ಕರ್ನಾಟಕದಾಕಿ” ಅನ್ನುತ್ತಾಳೆ.

ಇನ್ನು ಗಾಡಿಯ ಮಾತು. ದೊಡ್ಡ ಗಾಡಿ ಅಂದರೆ ಏನೆಂದು ತಿಳಿಯಲು ನನಗೇ ಬಹಳ ದಿನ ಬೇಕಾಯಿತು. ನಾವು ಸಿಸಿಯ ಸಂಖ್ಯೆ ನೋಡುತ್ತೇವೆ. ಕವಾಸಾಕಿಯ ಎರಡು ಗಾಡಿಗಳನ್ನು ಪಕ್ಕದಲ್ಲಿಟ್ಟು ನೋಡಿ. ಕೆಎಲ್‌ಎಕ್ಸ್ 110ರದು 112 ಸಿಸಿಯ ನಾಲ್ಕು ಸ್ಟ್ರೋಕಿನ ಇಂಜಿನ್, ಸೀಟಿನ ಎತ್ತರ ಸುಮಾರು 680 ಮಿಲಿಮೀಟರ್. ಕ್ಲಚ್ ಹಿಡಿಯುವ ಕೆಲಸವಿಲ್ಲ, ಗೇರು ಮಾತ್ರ ಬದಲಿಸಬೇಕು. ಕೆಎಕ್ಸ್ 65 ಬರೀ 64 ಸಿಸಿ, ಆದರೆ ಎರಡು ಸ್ಟ್ರೋಕು, ಆರು ಗೇರು, ಕೈಕ್ಲಚ್ಚು, ಸೀಟು ಸುಮಾರು 760 ಮಿಲಿಮೀಟರ್. ಸಂಖ್ಯೆ ನೋಡಿದರೆ ಮೊದಲನೆಯದು ದೊಡ್ಡದು. ಮಗುವನ್ನು ಕೂರಿಸಿದರೆ ಎರಡನೆಯದು ದೊಡ್ಡದು. 85ಕ್ಕೆ ಹೋದರೆ ಸೀಟು ಇನ್ನೂ ಒಂದು ಗೇಣಿನಷ್ಟಲ್ಲದಿದ್ದರೂ ನಾಲ್ಕು ಬೆರಳು ಮೇಲೇರುತ್ತದೆ. 65ರ ಚಕ್ರಗಳು ಮುಂದೆ 14, ಹಿಂದೆ 12 ಇಂಚು. 85ಕ್ಕೆ ಸಾಮಾನ್ಯವಾಗಿ 17 ಮತ್ತು 14. ಇದೇ ವರ್ಗದಲ್ಲಿ 19 ಮತ್ತು 16 ಇಂಚಿನ ‘ಬಿಗ್ ವೀಲ್’ ಕೂಡ ಇದೆ. ಕೊಳ್ಳುವಾಗ ಅದನ್ನು ಕೇಳದೇ ಹೋದವರು ನನ್ನೊಬ್ಬನೇ ಅಲ್ಲ. ಮಗನಿಗೆ ನಾನು ತಂದದ್ದು ದೊಡ್ಡ ಚಕ್ರದ್ದೇ.

ಮಗಳ ಮಾತನ್ನು ನಾನು ಒಂದು ವಾರ ಕೇಳಿಸದವನಂತೆ ನುಂಗಿಕೊಂಡೆ. ಮುಂದಿನ ರವಿವಾರ ಕೋಚ್ ಹತ್ತಿರ ಹೋದೆ. ಮಿತಮಾತಿನ ಮನುಷ್ಯ. “ಸರ್, ಆಕೆ ಫೂಟ್‌ಪೆಗ್ ಮೇಲೆ ನಿಂತಾಗ ನೋಡಿ” ಎಂದರು ಅಷ್ಟೇ. ನೋಡಿದೆ. ಡರ್ಟ್ ಬೈಕ್ ಓಡಿಸುವವರು ಹೆಚ್ಚು ಹೊತ್ತು ನಿಂತೇ ಓಡಿಸುತ್ತಾರೆ. ಮೊಣಕಾಲು ತುಸು ಬಾಗಿ, ಮೊಣಕೈ ಹೊರಗೆ, ಬೆನ್ನು ಸಡಿಲವಾಗಿ ಮುಂದಕ್ಕೆ ಬಾಗಿರಬೇಕು. ನಮ್ಮ ಸಣ್ಣಾಕಿ ಬಾವಿಗೆ ಬಗ್ಗಿದವಳ ಹಾಗೆ ಕಾಣುತ್ತಿದ್ದಳು. ಬಿಗಿ ತಿರುವಿನಲ್ಲಿ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿದ್ದದ್ದು ನಿಜ. ಜಿಗಿದು ಇಳಿದಾಗ ಸಸ್ಪೆನ್ಶನ್ ತಳಕ್ಕೆ ಹೊಡೆದು ‘ಠಣ್’ ಎನ್ನುತ್ತಿತ್ತು.

ಹಾಗಾದರೆ 85 ಅಂದೆ. ಕೋಚ್ ತಲೆಯಾಡಿಸಿದರು. ಮೈ ಬೆಳೆದದ್ದು ಒಂದು, ಗಾಡಿಯ ಕೆಲಸ ಮುಗಿದದ್ದು ಇನ್ನೊಂದು, ಎರಡನ್ನೂ ಕಲಸಬೇಡಿ ಎಂದರು. ಮೊದಲನೆಯದಕ್ಕೆ ಅಗ್ಗದ ಉಪಾಯವಿತ್ತು. ಹ್ಯಾಂಡಲ್ ಕೆಳಗೆ ಎತ್ತರದ ಕ್ಲಾಂಪ್ ಹಾಕಿ ತುಸು ಮುಂದೆ ತಿರುಗಿಸಿದೆವು. ಸ್ಪ್ರಿಂಗುಗಳನ್ನು ಆಕೆಯ ಈಗಿನ ತೂಕಕ್ಕೆ ತಕ್ಕಷ್ಟು ಗಟ್ಟಿಯವಕ್ಕೆ ಬದಲಿಸಿದೆವು. ಹೆಲ್ಮೆಟ್ಟು, ಬೂಟು, ಎದೆಕವಚ ಎಲ್ಲ ಹಾಕಿಸಿಯೇ ತೂಗಬೇಕು. ನಾನು ಮೊದಲು ಮನೆಯ ಫ್ರಾಕಿನಲ್ಲಿ ತೂಗಿ ಬೈಸಿಕೊಂಡೆ. ಹೊಸ ಗಾಡಿಯ ಬೆಲೆಯ ಮುಂದೆ ಈ ಖರ್ಚು ಏನೂ ಅಲ್ಲ. ಐದಾರು ತಿಂಗಳು ಸಿಕ್ಕವು. ಮಗನ ಕಾಲಕ್ಕೆ ಈ ಉಪಾಯ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಕೇಳುತ್ತಿರಲಿಲ್ಲವೇನೋ.

ಎರಡನೆಯದಕ್ಕೆ ಕೋಚ್ ಹೇಳಿದ್ದು ವಿಚಿತ್ರವಾಗಿತ್ತು. “ಕಣ್ಣು ಮುಚ್ಚಿ ಕೇಳಿ, ಸರ್.” ಮೈದಾನದ ಆ ಕಡೆ ಮಗಳು ಸುತ್ತು ಹಾಕುತ್ತಿದ್ದಳು. ಕಣ್ಣು ಮುಚ್ಚಿದರೆ ಗಾಡಿಯ ದನಿ ಮಾತ್ರ. ತಿರುವಿನಿಂದ ಹೊರಬಂದಾಗ ದನಿ ಏರುತ್ತದೆ, ಗೇರು ಬಿದ್ದಾಗ ಒಂದು ಕ್ಷಣ ತುಂಡಾಗುತ್ತದೆ, ಮತ್ತೆ ಏರುತ್ತದೆ. ಗಾಡಿಯನ್ನು ಪೂರ್ತಿ ಬಳಸುವವರದು ಮುಂದಿನ ತಿರುವಿನ ಬಾಯಿಯವರೆಗೂ ಏರುತ್ತಲೇ ಇರುತ್ತದೆ, ಆಮೇಲೆ ಒಮ್ಮೆಗೇ ನಿಲ್ಲುತ್ತದೆ. ಅಂಜುವವರದು ನಡುವೆಯೇ ಸೊರಗುತ್ತದೆ. ದಿಣ್ಣೆಯ ಮುಂಚೆ ಇಳಿಯುತ್ತದೆ, ಇಳಿದ ಮೇಲೆ ಮತ್ತೆ ತಡಬಡಿಸುತ್ತದೆ. ಮಗಳದು ನೇರ ದಾರಿಯಲ್ಲಿ ಪೂರ್ತಿ ಇತ್ತು. ಉದ್ದ ದಿಣ್ಣೆಯ ಮುಂದೆ ಮಾತ್ರ ಪ್ರತಿ ಸುತ್ತಿನಲ್ಲೂ ಅರ್ಧ ಉಸಿರು ನಿಲ್ಲುತ್ತಿತ್ತು. 65ರಲ್ಲಿ ಆಕೆಗೆ ಇನ್ನೂ ಕೆಲಸ ಬಾಕಿಯಿತ್ತು.

ಅಂದು ರಾತ್ರಿ ಹಳೆಯ ಹಾರ್ಡ್ ಡಿಸ್ಕ್ ಹುಡುಕಿ ಮಗನ 2019ರ ವಿಡಿಯೋ ತೆಗೆದೆ, 65ರಲ್ಲಿ ಅವನು ಓಡಿಸಿದ ಕೊನೆಯ ದಿನದ್ದು. ಅದನ್ನು ಎಷ್ಟು ಸಲ ನೋಡಿದ್ದೆನೋ, ಕೇಳಿರಲಿಲ್ಲ. ಕಣ್ಣು ಮುಚ್ಚಿದೆ. ಪ್ರತಿಯೊಂದು ದಿಣ್ಣೆಯ ಮುಂಚೆ ದನಿ ಸಾಯುತ್ತಿತ್ತು. ಒಂದು ನೇರ ದಾರಿಯಲ್ಲೂ ಅದು ತುದಿ ಮುಟ್ಟಲಿಲ್ಲ. ಚಂದ ಓಡಿಸುತ್ತಾನೆಂದು ನಾನು ಎಲ್ಲರಿಗೂ ಕಳಿಸಿದ ವಿಡಿಯೋ ಅದು. ಹುಡುಗ ಆ ಸಣ್ಣ ಗಾಡಿಗೇ ಅಂಜುತ್ತಿದ್ದ.

ಅವನು ಬಾಗಿಲಲ್ಲಿ ನಿಂತದ್ದು ನನಗೆ ತಿಳಿಯಲಿಲ್ಲ.

“ಅಪ್ಪಾ, ಆಕಿ 85 ಕೇಳಾಕತ್ತಾಳೇನು?”

“ಬಾಯಿಬಿಟ್ಟು ಕೇಳಿಲ್ಲ. ಮಣಕಾಲು ಬಡಿತಾವ ಅಂದಳು.”

ಸ್ವಲ್ಪ ಹೊತ್ತು ಸುಮ್ಮನಿದ್ದ. “ಅದು ಬ್ಯಾರೆ ಮಾತು. ನಾ ಕಾಲು ಹತ್ತವಲ್ವು ಅಂದಿದ್ದೆ.”

ಆರು ವರ್ಷ ಅವನು ಆ ಮಾತನ್ನು ಇಟ್ಟುಕೊಂಡಿದ್ದ. “ತಪ್ಪಾತಪ್ಪಾ” ಎಂದೆ. ಅವನು “ಇರ್ಲಿ ಬಿಡ್ರಿ” ಎಂದು ಅಡುಗೆಮನೆಗೆ ನೀರು ಕುಡಿಯಲು ಹೋದ.

ಇಲ್ಲೊಂದು ಅಡ್ಡಮಾತು. ಇದು ಮಕ್ಕಳ ಕಥೆ ಮಾತ್ರ ಎಂದುಕೊಳ್ಳಬೇಡಿ. ನಮ್ಮ ಐಟಿ ಗೆಳೆಯರ ಗುಂಪು ಮಳೆ ನಿಂತಮೇಲೆ ಸಹ್ಯಾದ್ರಿಯ ಕಚ್ಚಾ ದಾರಿಗಳಿಗೆ ಹೋಗುತ್ತದೆ. ಹೀರೊ ಎಕ್ಸ್‌ಪಲ್ಸ್ 200ರಿಂದ ಶುರು ಮಾಡಿದವರು ಎರಡನೇ ವರ್ಷಕ್ಕೇ ಹಿಮಾಲಯನ್ 450ರ ಷೋರೂಮಿನಲ್ಲಿ ನಿಂತಿರುತ್ತಾರೆ. ಒಂದು ಸುಮಾರು 158 ಕಿಲೊ, ಇನ್ನೊಂದು 196. ಹೆದ್ದಾರಿಯಲ್ಲಿ ಆ 38 ಕಿಲೊ ಗೊತ್ತೇ ಆಗುವುದಿಲ್ಲ, ಸುಖವಾಗಿಯೇ ಇರುತ್ತದೆ. ಕೆಸರಿನ ಇಳಿಜಾರಿನಲ್ಲಿ ಗಾಡಿ ಮಲಗಿ, ಜೊತೆಯವರು ಎರಡು ತಿರುವು ಮುಂದೆ ಹೋಗಿ, ನೀವೊಬ್ಬರೇ ಅದನ್ನು ಎತ್ತಬೇಕಾದಾಗ ಒಂದೊಂದು ಕಿಲೊವೂ ತನ್ನ ಹೆಸರು ಹೇಳುತ್ತದೆ. ಡಕಾರ್‌ನಂಥ ರ‍್ಯಾಲಿಯಲ್ಲೇ 2011ರಿಂದ ಬೈಕುಗಳಿಗೆ 450 ಸಿಸಿಯ ಮಿತಿ ಇದೆ. 2015ರಲ್ಲಿ ಅಲ್ಲಿ 36ನೆಯವರಾಗಿ ಗುರಿ ಮುಟ್ಟಿದ ನಮ್ಮ ಸಿ.ಎಸ್. ಸಂತೋಷ್ ಅವರೂ ಆ ಮಿತಿಯ ಗಾಡಿಯಲ್ಲೇ ಹೋದವರು. ಶನಿವಾರ ತಾಮ್ಹಿಣಿ ಘಾಟಿಗೆ ಹೋಗುವ ನಮಗೆ ಅದಕ್ಕಿಂತ ದೊಡ್ಡದು ಯಾಕೆ ಬೇಕೋ ನನಗಂತೂ ತಿಳಿದಿಲ್ಲ.

ಬೇಸಿಗೆಯುದ್ದಕ್ಕೂ ಮಗಳು ಆ ಒಂದು ದಿಣ್ಣೆಯ ಜೊತೆ ಗುದ್ದಾಡಿದಳು. ಕೋಚ್ ಆಕೆಗೆ ಬೇರೆ ಪಾಠಗಳನ್ನೂ ಇಟ್ಟಿದ್ದರು. ಎರಡು ಟೈರಿನ ಸುತ್ತ ಎಂಟರ ಆಕಾರದಲ್ಲಿ, ಕಾಲು ಊರದೇ, ನಡಿಗೆಯ ವೇಗದಲ್ಲಿ ಹೋಗಬೇಕು. ಅದಕ್ಕೆ ರೇಸಿಗಿಂತ ಕ್ಲಚ್ಚು ಮತ್ತು ಹಿಂದಿನ ಬ್ರೇಕಿನ ಹದ ಬೇಕು. ಮುಂದಿನ ಬ್ರೇಕನ್ನು ಒಂದೇ ಬೆರಳಲ್ಲಿ ಹಿಡಿದು ಗುರುತು ಹಾಕಿದ ಗೆರೆಯಲ್ಲಿ ನಿಲ್ಲಿಸಬೇಕು. ಬಿದ್ದ ಗಾಡಿಯನ್ನು ಯಾರೂ ಮುಟ್ಟದೇ ತಾನೇ ಎತ್ತಿ, ತಾನೇ ಕಿಕ್ ಹೊಡೆಯಬೇಕು. ಈ ಕೊನೆಯದಕ್ಕೆ ಅಲ್ಲಿನ 85 ಒಂದನ್ನು ಕೇಳಿ ಮಲಗಿಸಿದೆವು. 65ಕ್ಕಿಂತ ಹದಿನೈದು ಕಿಲೊ ಹೆಚ್ಚು ಇದ್ದೀತು. ಏಪ್ರಿಲ್‌ನಲ್ಲಿ ಎತ್ತಲಾಗಲಿಲ್ಲ. ಮೇ ಕೊನೆಗೆ ಎತ್ತಿದಳು, ಬೆನ್ನಿನಿಂದಲ್ಲ, ಕಾಲಿನಿಂದ. ಹ್ಯಾಂಡಲ್ಲನ್ನು ಹೊಟ್ಟೆಯ ಹತ್ತಿರ ತಂದುಕೊಂಡು ಮೊಣಕಾಲಿನಿಂದ ಮೇಲೇಳುವ ಆ ಉಪಾಯ ನನಗೂ ಆಮೇಲೆ ಬಂತು.

ಜೂನ್ ಎರಡನೇ ವಾರ, ಮಳೆಗೆ ಮುಂಚಿನ ಕೊನೆಯ ರವಿವಾರ, ಕಣ್ಣು ಮುಚ್ಚಿ ಕೂತಿದ್ದೆ. ಉದ್ದ ದಿಣ್ಣೆಯ ಮುಂದೆ ದನಿ ತುಂಡಾಗಲಿಲ್ಲ. ಕಣ್ಣು ಬಿಟ್ಟಾಗ ಆಕೆ ಆ ಕಡೆ ಇಳಿದಾಗಿತ್ತು. ಮುಂದಿನ ಸುತ್ತಿನಲ್ಲೂ ಹಾಗೆಯೇ. ಪಕ್ಕದಲ್ಲಿ ಮಗ ನಿಂತಿದ್ದ. ಆರು ವರ್ಷದ ಮೇಲೆ ಅದು ಅವನು ಮೈದಾನಕ್ಕೆ ಬಂದ ಎರಡನೇ ಸಲ. “ಈಗ ಕೇಳಿದ್ರೇನು?” ಎಂದ.

ಮಳೆಗಾಲ ಮೈದಾನ ಬಂದ್. ಆ ನಾಲ್ಕು ತಿಂಗಳಲ್ಲಿ ಹುಡುಗಿ ಮತ್ತೆ ಉದ್ದವಾದಳು. ಗೌರಿ ಹಬ್ಬದ ಹೊತ್ತಿಗೆ ಎತ್ತರದ ಕ್ಲಾಂಪೂ ಸಾಕಾಗುತ್ತಿರಲಿಲ್ಲ. ಮನೆಯಾಕೆಗೆ ವಿಷಯ ಹೇಳಿದೆ. ಆಕೆ ಲೆಕ್ಕ ಕೇಳಲಿಲ್ಲ, ಇನ್ಶೂರೆನ್ಸ್ ಕೇಳಲಿಲ್ಲ. “ಆ ಗಾಡಿ ಅವಂದು. ಹೂಂ ಅನ್ನೂ ಮೊದಲ ಅವನ್ನ ಕೇಳ್ರಿ” ಎಂದಳು.

ಕೇಳುವುದು ಹೇಗೆಂದು ನಾನು ಮೂರು ದಿನ ಮಾತು ಕೂಡಿಸಿದೆ. ಕೊನೆಗೆ ಕೆಳಗಿಳಿದು ಹೋದಾಗ ಅವನು ಆಗಲೇ ತಾಡಪತ್ರಿ ಬಿಚ್ಚುತ್ತಿದ್ದ. ಹಗ್ಗದ ಗಂಟುಗಳು ಬಿಸಿಲು ಮಳೆಗೆ ಕಲ್ಲಾಗಿದ್ದವು. ಚಾಕು ತಂದು ಕೊಯ್ದೆವು. ಸೀಟಿನೊಳಗೆ ಇಲಿ ಸಂಸಾರ ಹೂಡಿತ್ತು. “ಚಕ್ರ ಸಣ್ಣದಿದ್ದದ್ದು ತಗೋಬೇಕಿತ್ತಲ್ರಿ ನೀವು” ಎಂದ. ಅದೊಂದೇ ಬೈಗುಳ. ಆಕೆಗೆ ಈಗ ಆ ದೊಡ್ಡ ಚಕ್ರದ್ದೇ ಸರಿಯಾಗುತ್ತದೆ. ಅಣ್ಣ ಆ ವಯಸ್ಸಿನಲ್ಲಿದ್ದುದಕ್ಕಿಂತ ಆಕೆ ಒಂದು ಗೇಣು ಎತ್ತರ. ಕೂರಿಸಿ ನೋಡಿದೆವು. ಎರಡೂ ಕಾಲಿನ ಬೆರಳ ಬುಡ ನೆಲಕ್ಕೆ ತಾಗುತ್ತಿತ್ತು. ಒಂದು ಕಡೆ ವಾಲಿದರೆ ಇಡೀ ಪಾದ.

ನಿಂತ ಗಾಡಿಯನ್ನು ಎಬ್ಬಿಸುವ ಖರ್ಚು, ಹೊಸದನ್ನು ತರುವುದಕ್ಕಿಂತ ಕಡಿಮೆ ಎಂದು ಯಾರೂ ನಿಮಗೆ ಸುಲಭಕ್ಕೆ ಹೇಳದಿರಲಿ. ಪಿಸ್ಟನ್ನು, ರಿಂಗು, ಕ್ರ್ಯಾಂಕಿನ ಸೀಲುಗಳು, ಬ್ರೇಕಿನ ಪೈಪು, ಎರಡೂ ಟೈರು. ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಕೂತಿತ್ತು. ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲೇ ಎಣ್ಣೆ ಕಲಸಬೇಕು, ಲೀಟರಿಗೆ ಸುಮಾರು 30 ಎಂ.ಎಲ್.; ಆ ಅಳತೆಯ ಬಾಟಲಿಯನ್ನು ಮಗ ತನ್ನ ಕಪಾಟಿನಿಂದ ತಂದುಕೊಟ್ಟ. ಹೆಲ್ಮೆಟ್ಟು, ಬೂಟು, ಕೊರಳಪಟ್ಟಿ ಎಲ್ಲವನ್ನೂ ಹೊಸದಾಗಿ ಕೊಂಡೆವು. ಇದರಲ್ಲಿ ಮಾತ್ರ ಬೆಳೆಯುವ ಹುಡುಗಿ ಎಂಬ ಲೆಕ್ಕ ಹಾಕಲಿಲ್ಲ. ಒಂದು ಅಳತೆ ದೊಡ್ಡ ಹೆಲ್ಮೆಟ್ಟು ಬಿದ್ದಾಗ ತಲೆಯ ಮೇಲೆ ನಿಲ್ಲುವುದಿಲ್ಲ.

ರಸ್ತೆಗೆ ಇದನ್ನು ಇಳಿಸುವ ಹಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ನೋಂದಣಿಯಿಲ್ಲದ ಗಾಡಿ, ಲೈಸೆನ್ಸಿನ ವಯಸ್ಸಿಲ್ಲದ ಮಗು. 2019ರ ತಿದ್ದುಪಡಿಯ ಮೇಲೆ ಅಪ್ಪ ಅಮ್ಮನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಸೊಸೈಟಿಯ ಗೇಟಿನವರೆಗೆ ಕೂಡ ತಳ್ಳಿಕೊಂಡೇ ಹೋಗಿ ಪಿಕಪ್ ಗಾಡಿಗೆ ಏರಿಸುತ್ತೇವೆ.

ದೀಪಾವಳಿ ಮುಗಿದ ರವಿವಾರ ಹೋದೆವು. ಮೊದಲ ಅರ್ಧ ತಾಸು ಕೋಚ್ ಆಕೆಯನ್ನು ಎರಡನೇ ಗೇರು ದಾಟಲು ಬಿಡಲಿಲ್ಲ. ಖಾಲಿ ಜಾಗದಲ್ಲಿ ಸುಮ್ಮನೆ ರೇಸ್ ತೆರೆ, ಬಲ ಎಲ್ಲಿ ಬರುತ್ತದೆ ನೋಡು, ಕ್ಲಚ್ ಮೇಲೆ ಬೆರಳಿಟ್ಟಿರು, ಬೇಡವೆನಿಸಿದ ಕ್ಷಣ ಹಿಡಿ, ಇಷ್ಟೇ ಪಾಠ. ಮೂರು ಸಲ ಗಾಡಿ ಬಂದ್ ಬಿತ್ತು, ಮೂರು ಸಲ ಆಕೆಯೇ ಕಿಕ್ ಹೊಡೆದಳು. ಒಮ್ಮೆ ಗಾಡಿ ಜಿಗಿಯಿತು. ನನ್ನ ಕೈ ಕುರ್ಚಿಯ ಹಿಡಿಯನ್ನು ಒತ್ತಿತು. ಅತ್ತ ಆಕೆಯ ಎಡಗೈ ಕ್ಲಚ್ ಹಿಡಿದಿತ್ತು. ಇಂಜಿನ್ ಒಂದು ಸಲ ಅರಚಿ ತಣ್ಣಗಾಯಿತು. ಮಗ ನನ್ನ ಕಡೆ ನೋಡಲಿಲ್ಲ, ತಂಗಿಯ ಕೈಯನ್ನೇ ನೋಡುತ್ತಿದ್ದ.

ಹನ್ನೊಂದಕ್ಕೆ ಬಿಸಿಲೇರಿತು. ಆಕೆ ಬಂದು ಹೆಲ್ಮೆಟ್ ತೆಗೆದಳು. ಕೂದಲೆಲ್ಲ ತೊಯ್ದು ಹಣೆಗೆ ಅಂಟಿತ್ತು. ಹೇಗಿತ್ತು ಎಂದು ನಾವಿಬ್ಬರೂ ಕೇಳಲಿಲ್ಲ.

“ಅಪ್ಪಾ, ಮುಂದಿನ ರವಿವಾರ ಎರಡೂ ಗಾಡಿ ತರೋಣೇನು? ದಿಣ್ಣಿಗೆ 65ನ ಇರಲಿ. ಇದರ ಮ್ಯಾಲೆ ಇನ್ನೂ ಬರೀ ತಿರುವು ಮಾಡ್ತೀನಿ.”

ಎರಡು ಗಾಡಿ ಹಾಕಿದರೆ ಮುನ್ನೂರು ರೂಪಾಯಿ ಹೆಚ್ಚು ಎಂದು ಪಿಕಪ್‌ನವರು ಮರಾಠಿಯಲ್ಲಿ ಹೇಳಿದರು. ಕೊಡ್ತೀನಿ ಅಂದೆ.